ಗಾಳಿ ಹಡಗಿನ ಕೆಳಗೆ ಓಡುವವ

ಮೀನು ಮಾರುವ ಜಲಜಕ್ಕನ ಮನೆಯಲ್ಲಿ ಅಪ್ಪನದೊಂದು ಫೋಟೊ ಇರಲಿಲ್ಲ. ಆ ಜಾಗಕ್ಕೆ ಬಂದದ್ದು ನಾನು.

ನಾನು ಒಂದು ಸುದ್ದಿಚಿತ್ರ. ಹುಟ್ಟಿದ್ದು ಅಮೆರಿಕದ ಒಂದು ಮೈದಾನದಲ್ಲಿ. ಜರ್ಮನಿಯಿಂದ ಬಂದ ವಾಯುನೌಕೆ ಇಳಿಯುವುದನ್ನು ತೆಗೆಯಲು ಕ್ಯಾಮರಾದವನು ಕಾಯುತ್ತಿದ್ದ. ಮಾಮೂಲಿ ಕೆಲಸ. ಅಷ್ಟರಲ್ಲಿ ನೌಕೆಯ ಬಾಲಕ್ಕೆ ಬೆಂಕಿ ಹತ್ತಿತು. ಅವನ ಬೆರಳು ಗುಂಡಿ ಒತ್ತಿತು. ಮೇಲೆ ಬೆಂಕಿ, ಕೆಳಗೆ ಇರುವೆಗಳಷ್ಟು ಸಣ್ಣ ಜನ. ಲೋಕದ ಪತ್ರಿಕೆಗಳೆಲ್ಲ ನನ್ನನ್ನು ಅಚ್ಚು ಹಾಕಿದವು. ಹೆಸರು ಬಂದದ್ದು ಬೆಂಕಿಯಿಂದ. ನನ್ನ ಹೆಚ್ಚುಗಾರಿಕೆ ಏನೂ ಇಲ್ಲ.

ಹಳೆಯ ವಾರಪತ್ರಿಕೆಯೊಂದರ ಹಾಳೆಯಾಗಿ ನಾನು ಮಂಗಳೂರಿನ ಬಂದರಿಗೆ ಬಂದೆ. ಕ್ಷೌರದಂಗಡಿಯ ವಾಸು ಭಂಡಾರಿ ನನ್ನನ್ನು ಕತ್ತರಿಸಿ ಚೌಕಟ್ಟಿಗೆ ಹಾಕಿದ. ಚೌಕಟ್ಟು ಸಣ್ಣದು, ಹಾಗಾಗಿ ಅಡಿಬರಹವನ್ನು ಕತ್ತರಿಸಿ ಎಸೆದ. ಗಿರಾಕಿಗಳ ಕೂದಲಿನ ಜೊತೆ ನನ್ನ ಊರು, ದಿನಾಂಕ ಎರಡೂ ಕಸಕ್ಕೆ ಹೋದವು. ಯಾರಾದರೂ ಕೇಳಿದರೆ, "ಗಾಳಿ ಹಡಗು ಮಾರಾಯ್ರೆ, ಹೊತ್ತಿ ಹೋದದ್ದು" ಎನ್ನುತ್ತಿದ್ದ.

ಒಂದು ಬೆಳಿಗ್ಗೆ ಜಲಜಕ್ಕ ಬುಟ್ಟಿ ಹೊತ್ತು ಬಾಗಿಲಲ್ಲಿ ನಿಂತಳು.

"ಭಂಡಾರಿಯವರೇ, ಆ ಮೂಲೆಯಲ್ಲಿ ಓಡುವವ ಯಾರು?"

"ನಂಗೆಂತ ಗೊತ್ತು? ಅವ ನನ್ನ ಗಿರಾಕಿಯಾ?"

"ಬಿಲ್ಲಿನ ಹಾಗೆ ಕಾಲು ನೋಡಿ. ಅದು ನನ್ನ ಅಪ್ಪ."

ಅವಳ ಅಪ್ಪ ಗಿರಿಯ ಮುಂಬೈಗೆ ಹೋಗಿ ಪರದೇಶದ ಹಡಗು ಹತ್ತಿದವನು. ಆಮೇಲೆ ಸುದ್ದಿಯಿಲ್ಲ. ಭಂಡಾರಿ ನಗಲಿಲ್ಲ. ನನ್ನನ್ನು ಮೊಳೆಯಿಂದ ಇಳಿಸಿದ. "ನಾಲ್ಕು ಬಂಗುಡೆ ಇಟ್ಟು ತಗೊಂಡು ಹೋಗು."

ಅವರ ಮನೆಯಲ್ಲಿ ವರ್ಷಕ್ಕೊಮ್ಮೆ ಸತ್ತವರಿಗೆ ಎಲೆ ಹಾಕಿ ಅನ್ನ, ಮೀನು ಸಾರು ಬಡಿಸುತ್ತಾರೆ. ಗಿರಿಯನಿಗೆ ಮಾತ್ರ ಎಲೆ ಬಿದ್ದಿರಲಿಲ್ಲ. ಸತ್ತ ಸುದ್ದಿ ಬಂದಿಲ್ಲವೆಂದು ಅವನ ಹೆಂಡತಿ ಅಕ್ಕು ಹಾಕಲು ಬಿಟ್ಟಿರಲಿಲ್ಲ. ಹಸಿದ ಅಪ್ಪ ಜಲಜಕ್ಕನ ಕನಸಿಗೆ ಬರುತ್ತಿದ್ದ.

"ಈ ಸಲವಾದರೂ ಹಾಕುವ ಅಮ್ಮ. ಅಪ್ಪ ಬೆಂಕಿಯಲ್ಲಿ ಹೋದದ್ದು. ಇಲ್ಲೇ ಉಂಟಲ್ಲ."

ಅಕ್ಕು ನನ್ನನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದಳು. "ನಿನ್ನ ತಲೆ! ಬೆಂಕಿ ಆಚೆ ಉಂಟು, ಇವರು ಈಚೆ ಓಡ್ತಿದ್ದಾರೆ. ಓಡುವವರಿಗೆ ಯಾರಾದರೂ ಎಲೆ ಹಾಕ್ತಾರಾ?"

ಎಲೆ ಬೀಳಲಿಲ್ಲ. ಅಂದಿನಿಂದ ಅಕ್ಕು ದಿನಾ ಸೆರಗಿನಲ್ಲಿ ನನ್ನ ಗಾಜು ಒರೆಸುತ್ತಿದ್ದಳು, ಆ ಒಂದು ಮೂಲೆಯನ್ನು ಮಾತ್ರ. "ಇನ್ನೂ ಮನೆ ಮುಟ್ಟಲಿಲ್ವಾ? ಎಂತ ಓಟ ನಿಮ್ಮದು!" ಎಂದು ಬೈಯುತ್ತಿದ್ದಳು. ಅವನು ಗಿರಿಯನಲ್ಲ, ಆ ಊರಿನಲ್ಲಿ ನೌಕೆಯನ್ನು ಇಳಿಸುವ ಹಗ್ಗ ಎಳೆಯಲು ಬಂದ ಯಾರೋ ಒಬ್ಬ. ನನಗೆ ಬಾಯಿಲ್ಲ. ಇದ್ದಿದ್ದರೂ ಆ ಮುದುಕಿಗೆ ಹೇಳುತ್ತಿರಲಿಲ್ಲ.

ಅಕ್ಕು ತೀರಿಕೊಂಡ ವರ್ಷ ಜಲಜಕ್ಕ ನನ್ನ ಮುಂದೆ ಎರಡು ಎಲೆ ಹಾಕಿದಳು. "ಈಗ ಮುಟ್ಟಿರ್ತೀರಿ ಅಪ್ಪ. ಅಮ್ಮನ ಜೊತೆ ಕೂತು ಉಣ್ಣಿ."

ಈಗ ನಾನು ಹಳೆಯ ಬಲೆಗಳ ಹಿಂದೆ ಗೋಡೆಗೆ ಒರಗಿದ್ದೇನೆ. ಓಡುವವನನ್ನು ಗೆದ್ದಲು ಮೊಣಕಾಲಿನವರೆಗೆ ತಿಂದಿದೆ. ಬೆಂಕಿ ಹಾಗೇ ಇದೆ. ಆ ದಿನ ಸತ್ತವರು ನೌಕೆಯಲ್ಲಿ ಮೂವತ್ತೈದು, ನೆಲದ ಮೇಲೆ ಒಬ್ಬ. ಈ ಮನೆಯ ಲೆಕ್ಕದಲ್ಲಿ ಇನ್ನೊಬ್ಬ.