ಒಂದು ಚೊಂಬು ಅಂಬಲಿ

ಮತ್ತೆ ಅದೇ ಹುಳಿ ತೇಗು, ಗಂಟಲವರೆಗೆ ಬಂದು ಇಳಿಯಿತು, ಹಾಳಾದ್ದು, ಬೈಕಿನ ಹಿಂದೆ ಕೂತ ಸುಕನ್ಯ ಸೆರಗನ್ನು ಬಾಯಿಗೆ ಒತ್ತಿಕೊಂಡಳು, ವಾಸನೆ ಗಂಡನ ಮೂಗಿಗೆ ಬಡಿದರೆ ಮುಗಿಯಿತು, ಡೇರಿಯಲ್ಲಿ ಕ್ಯಾನಿನ ಮುಚ್ಚಳ ತೆಗೆಯುತ್ತಲೇ ಹಾಲು ಕೆಟ್ಟಿದೆ ಅನ್ನುವ ಮೂಗು ಕಾಂತರಾಜನದು — ಪುಣ್ಯಕ್ಕೆ ಗಾಳಿ ಎದುರಿಗಿದೆ, ಬಂಗಾರಪೇಟೆ ತಲುಪುವವರೆಗೂ ಹಾಗೇ ಇರಲಿ, ಕ್ಯಾಸಂಬಳ್ಳಿ ಬಿಟ್ಟಾಗಿನಿಂದ ಅವನದು ಒಂದೇ ಸಮ ಮಾತು, ಇವತ್ತೊಂದ್ ಆಗೋಗ್ಲಿ ಸುಕನ್ಯಾ, ಆಮ್ಯಾಕೆ ಇನ್ನ ಏಳೇ ಸಲ, ನೋಡ್ತಿರು ಎಂಗೆ ಎದ್ದು ಓಡಾಡ್ತೀಯ, ಊಂ ಅನ್ನುತ್ತಾಳೆ ಅವಳು, ಹೊಟ್ಟೆಯಲ್ಲಿ ಅಂಬಲಿ ಕುಲುಕುತ್ತದೆ, ರಾತ್ರಿ ಊಟದ ಮೇಲೆ ಏನೂ ತಗೋಬೇಡಮ್ಮ, ನೀರೂ ಬೇಡ, ಡಾಕ್ಟರು ಬೆರಳೆತ್ತಿ ಹೇಳಿದ್ದರು, ಹೊಟ್ಟೆಯಲ್ಲಿ ಏನಾದರೂ ಇದ್ದರೆ ಮತ್ತಿನ ಇಂಜೆಕ್ಷನ್ ಕೊಟ್ಟಾಗ ಶ್ವಾಸಕ್ಕೆ ಹೋಗುತ್ತೆ, ಜೀವಕ್ಕೇ ಅಪಾಯ — ಜೀವಕ್ಕೇ, ಆಗ ಅವಳ ಕಿವಿ ನೆಟ್ಟಗಾಗಿತ್ತು, ಆದರೆ ಕುಡಿದದ್ದು ಅದಕ್ಕಲ್ಲ, ದೇವರಾಣೆ ಅದಕ್ಕಲ್ಲ, ಬೆಳಕು ಹರಿಯುವ ಹೊತ್ತಿಗೆ ಅತ್ತೆ ವರಲಕ್ಷ್ಮಮ್ಮ ಕೈ ಹಿಡಿದು ಕೊಟ್ಟಿಗೆ ಹಿಂದಕ್ಕೆ ಕರೆದೊಯ್ದರು, ಕುಡ್ದುಬಿಡೇ ನನ್ ತಾಯಿ, ಎಣ್ಮಗ್ಳು ಬರೀ ಒಟ್ಟೇಲಿ ಒಸ್ಲು ದಾಟ್ಬಾರ್ದು, ಡಾಕ್ಟ್ರು ಬ್ಯಾಡ ಅಂದವ್ರೆ ಅತ್ತೆ, ಅವ್ರು ಊಟ ತಾನೇ ಬ್ಯಾಡ ಅಂದಿರೋದು, ಮುದ್ದೆ ಉಂಡ್ರೆ ಊಟ, ಅಂಬ್ಲಿ ಊಟಾನೇನೇ — ಹೌದಲ್ಲ, ಶನಿವಾರದ ಒಪ್ಪತ್ತಿನಲ್ಲೂ ಅತ್ತೆ ಅಂಬಲಿ ಕುಡಿಯುತ್ತಾರೆ, ಹೊಲಕ್ಕೆ ಹೋಗುವವರು ಚೊಂಬುಗಟ್ಟಲೆ ಕುಡಿದು ಇನ್ನೂ ಏನೂ ತಿಂದಿಲ್ಲ ಅನ್ನುತ್ತಾರೆ, ಊರೆಲ್ಲ ಹಾಗೇ, ಬೇಡ ಅನ್ನುವುದಕ್ಕೂ ಶಕ್ತಿ ಬೇಕು, ಅವಳಲ್ಲಿ ಎಲ್ಲಿತ್ತು, ಕುಡಿದಳು, ಮಗನ ಕಣ್ಣಿಗೆ ಬೀಳದಿರಲೆಂದು ಅತ್ತೆ ಹೆಬ್ಬೆರಳಿನಿಂದ ಅವಳ ತುಟಿ ಒರೆಸಿದರು.

ಉರಿಗಾಂ ಬಂತು, ನಲ್ಲಿಯ ಹತ್ತಿರ ಇಬ್ಬರು ಹೆಂಗಸರು ತಮಿಳಿನಲ್ಲಿ ಜಗಳ, ಕೊಡ ಎತ್ತಿ ಎತ್ತಿ ಕೂಗಾಟ, ಅಬ್ಬಾ, ಜಗಳಕ್ಕೆ ಎಷ್ಟು ಆಸೆ ಇರಬೇಕು ಬದುಕಿನ ಮೇಲೆ, ಅವಳಿಗೆ ನಾಲ್ಕು ವರ್ಷದಿಂದ ಯಾರ ಮೇಲೂ ಸಿಟ್ಟೇ ಬಂದಿಲ್ಲ, ಬಿಳಿ ಮಾತ್ರೆ ಆಯಿತು, ಹಳದಿ ಆಯಿತು, ಎರಡೂ ಸೇರಿಸಿ ಆಯಿತು, ಮೂವರು ಡಾಕ್ಟರು ಆದರು, ಒಂದು ಹೊತ್ತೂ ತಪ್ಪಿಸದೆ ನುಂಗಿದಳು, ಬಾಯಿ ಒಣಗಿತು, ಕೈ ನಡುಗಿತು, ಮೈ ಊದಿತು, ಎದೆಯ ಮೇಲೆ ಕೂತದ್ದು ಮಾತ್ರ ಜಪ್ಪಯ್ಯ ಅಂದರೂ ಏಳಲಿಲ್ಲ, ಔಷಧಿಗೆ ಬಗ್ಗದ ಖಿನ್ನತೆ ಇದು, ನಿನ್ನ ತಪ್ಪಲ್ಲಮ್ಮ, ಈ ಡಾಕ್ಟರು ಹೇಳಿದರು, ಬೆಂಗಳೂರಿನಿಂದ ಮಂಗಳವಾರ ಶುಕ್ರವಾರ ಬರುವವರು, ಮತ್ತು ಕೊಟ್ಟು ತಲೆಗೆ ಸ್ವಲ್ಪ ಕರೆಂಟ್ ಕೊಡೋಣ, ನೋವಾಗಲ್ಲ, ಎಷ್ಟೋ ಜನ ಎದ್ದು ಕೂತಿದ್ದಾರೆ — ಒಳ್ಳೆಯವರು, ಪ್ರತಿ ಸಲ ಕೇಳುತ್ತಿದ್ದರು, ಹೇಗಿದ್ದೀಯಮ್ಮ, ಪರವಾಗಿಲ್ಲ ಸಾರ್, ಸಾಯಬೇಕು ಅಂತ ಯೋಚನೆ ಬರುತ್ತಾ, ಅಷ್ಟರಲ್ಲಿ ಪಕ್ಕದಲ್ಲಿ ಕೂತ ಕಾಂತರಾಜನೇ, ಬಿಡ್ತು ಅನ್ನಿ ಸಾರ್, ಅಂತಾದ್ದೆಲ್ಲ ಏನೂ ಇಲ್ಲ, ಅನ್ನುತ್ತಿದ್ದ, ಪಾಪ, ಅವನಿಗೆ ಇರಬಾರದು ಅಂತ ಆಸೆ, ಡಾಕ್ಟರು ಅದನ್ನೇ ಬರೆದುಕೊಳ್ಳುತ್ತಿದ್ದರು — ಇವತ್ತು ಹೇಳದೆ ಮಲಗಿದರೆ ಸಾಕಲ್ಲ, ತಾನಾಗಿ ಏನೂ ಮಾಡುವುದೇ ಬೇಡ, ಯಾರೂ ಛೀ ಥೂ ಅನ್ನುವುದಿಲ್ಲ, ಆಪರೇಷನ್ ಟೇಬಲ್ ಮೇಲೆ ಹೋದಳಂತೆ ಅನ್ನುತ್ತಾರೆ, ಹೇಳುತ್ತೇನೆ, ಇಲ್ಲ ಹೇಳುವುದಿಲ್ಲ, ರೈಲ್ವೇ ಗೇಟು ಹಾಕಿದ್ದರೆ ಚೆನ್ನಾಗಿತ್ತು, ತೆರೆದೇ ಇತ್ತು, ಅವನು ಖುಷಿಯಾಗಿ ಗಾಡಿ ಓಡಿಸಿದ.

ನರ್ಸಿಂಗ್ ಹೋಮಿನ ಬೆಂಚು ತಣ್ಣಗಿತ್ತು, ನರ್ಸು ಕಾಗದ ಹಿಡಿದು ಬಂದಳು, ಬೆಳಗ್ಗೆಯಿಂದ ಏನಾದ್ರೂ ತಿಂದ್ರಾ, ಕುಡಿದ್ರಾ, ಏನೂ ಇಲ್ಲ ಸಿಸ್ಟರ್, ರಾತ್ರಿ ಮುದ್ದೆ ಉಂಡಿದ್ದು ಅಷ್ಟೆ, ನಾನೇ ನೋಡಿದೀನಲ್ಲ, ಕಾಂತರಾಜ್ ಹೇಳಿಬಿಟ್ಟ, ನರ್ಸು ಬರೆದುಕೊಂಡಳು, ಆಯಿತಲ್ಲ, ಸುಳ್ಳು ಕೂಡ ಅವಳು ಹೇಳಬೇಕಾಗಲಿಲ್ಲ, ಬಳೆ ತೆಗೆಸಿದರು, ತಾಳಿ ಬಿಚ್ಚಿ ಗಂಡನ ಕೈಗೆ ಕೊಡಿಸಿದರು, ಹಸಿರು ಬಟ್ಟೆ, ಎತ್ತರದ ಮಂಚ, ಕೈಗೆ ಸೂಜಿ ಚುಚ್ಚಿ ಪ್ಲಾಸ್ಟರ್ ಅಂಟಿಸಿದರು, ತಲೆಯ ಹಿಂದೆ ಮತ್ತಿನ ಡಾಕ್ಟರು ಔಷಧಿ ಎಳೆದುಕೊಳ್ಳುತ್ತಿದ್ದಾರೆ, ಭಯ ಆಗುತ್ತಿದೆ, ಆಶ್ಚರ್ಯ, ಇಷ್ಟು ದಿನ ಏನೂ ಆಗದವಳಿಗೆ ಭಯ ಆಗುತ್ತಿದೆ, ಕಣ್ಣು ಮುಚ್ಚಮ್ಮ, ಮುಚ್ಚಿದಳು — ನಾಳೆ ಮನೆಯಲ್ಲಿ ಕೇಳುತ್ತಾರಲ್ಲ, ಹೊಟ್ಟೆಯಲ್ಲಿ ಅಂಬಲಿ ಎಲ್ಲಿಂದ ಬಂತು ಅಂತ, ಕಾಂತರಾಜ್ ಕೇಳೇ ಕೇಳುತ್ತಾನೆ, ಅತ್ತೆಗೆ ಸುಳ್ಳು ಬರುವುದಿಲ್ಲ, ನಾನೇ ಕಣಪ್ಪಾ, ನನ್ ಕೈಯಾರೆ ಕೊಟ್ಟೆ ಅನ್ನುತ್ತಾರೆ, ಆಮೇಲೆ ಅವರು ಅನ್ನ ಹೇಗೆ ತಿಂತಾರೆ, ಆ ಕೈಯಲ್ಲಿ ಒಲೆ ಹೇಗೆ ಹಚ್ಚುತ್ತಾರೆ, ಅಯ್ಯೋ ಬೇಡ, ಬೇಡ ಬೇಡ — ಸಾರ್, ಅಂಬ್ಲಿ ಕುಡ್ದಿದೀನಿ, ಬೆಳಗ್ಗೆ, ಒಂದ್ ಚೊಂಬು. ಕೈಗಳು ನಿಂತವು, ನರ್ಸು ಅಯ್ಯಯ್ಯೋ ಅಂದಳು, ಕೇಳ್ದಾಗ ಹೇಳ್ಬಾರ್ದೇನಮ್ಮ, ಗಲಾಟೆಗೆ ಕಾಂತರಾಜ್ ಬಾಗಿಲಿಗೆ ಓಡಿಬಂದ, ಏನು, ಏನಾಯ್ತು ಸಾರ್, ಬೆಂಗಳೂರಿನ ಡಾಕ್ಟರು ಅವನಿಗೆ ಕೈ ಅಡ್ಡ ಮಾಡಿ ಅವಳ ಕಡೆಗೇ ಬಗ್ಗಿದರು, ಇವತ್ತು ಬೇಡ, ಶುಕ್ರವಾರ ನೋಡೋಣ, ಆದರೆ ಯಾಕೆ ಸುಮ್ಮನಿದ್ದೆ, ನೀನೇ ಹೇಳಮ್ಮ — ಪರವಾಗಿಲ್ಲ ಸಾರ್, ನಾಲಿಗೆಗೆ ಬಂದೇ ಬಂತು, ನುಂಗಿಕೊಂಡಳು, ಸತ್ರೆ ಸಾಯ್ತೀನಿ ಅಂತ, ಅಂದಳು, ದಿನಾ ಅಂಗೇ ಅನ್ನಿಸ್ತದೆ ಸಾರ್, ನಾಲ್ಕ್ ವರ್ಷದಿಂದ, ಹೇಳುತ್ತಾ ಬಾಗಿಲ ಕಡೆ ನೋಡಿದಳು, ಈಗ ಅನ್ನುತ್ತಾನೆ, ಈಗ ಅವಳ ಪರವಾಗಿ ಏನೋ ಅಂದೇಬಿಡುತ್ತಾನೆ, ಕೈಯಲ್ಲಿ ಅವಳ ತಾಳಿ ಹಿಡಿದು ನಿಂತಿದ್ದಾನೆ, ಬಾಯಿ ತೆರೆದಿದೆ, ಮಾತು ಬರುತ್ತಿಲ್ಲ, ಗಂಡನ ಬಾಯಿ, ತೆರೆದೇ ಇದೆ.