ಎರಚಿದ ಅಕ್ಕಿಯ ಲೆಕ್ಕ

ಸಾಗರದ ಕಾಲೇಜೊಂದರಲ್ಲಿ ಗಣಿತ ಕಲಿಸುತ್ತಿದ್ದ ಶಿವರಾಮಯ್ಯನವರಿಗೆ ನಿವೃತ್ತಿ ಹತ್ತಿರವಾದ ಕಾಲದಲ್ಲಿ ತಮ್ಮ ಶಿಷ್ಯೆಯ ಮೇಲೆ ಹೊಟ್ಟೆಕಿಚ್ಚು ಹುಟ್ಟಿತು. ಅವರು ಅದನ್ನು ಹಾಗೆಂದು ಕರೆಯಲಿಲ್ಲ. ಶಾಸ್ತ್ರಕ್ಕೆ ಆಗುತ್ತಿರುವ ಅಪಚಾರ ಎಂದುಕೊಂಡರು.

ಶಿಷ್ಯೆಯ ಹೆಸರು ವಿನಯಾ. ಅವರ ಕೈಯಲ್ಲೇ ಕಲಿತು, ಈಗ ಅವರ ವಿಭಾಗದಲ್ಲೇ ಅಧ್ಯಾಪಕಿಯಾಗಿ ಬಂದವಳು. ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳಲ್ಲಿ ಎಷ್ಟು ನೆಲಕ್ಕೆ ಮೊಬೈಲ್ ಸಿಗ್ನಲ್ ಮುಟ್ಟುತ್ತದೆ ಎಂಬುದು ಅವಳ ಸಂಶೋಧನೆ. ಶಿವರಾಮಯ್ಯನವರೂ ಪ್ರಾಯದಲ್ಲಿ ಇಂಥದೇ ವಿಷಯದ ಮೇಲೆ ಪ್ರಬಂಧ ಬರೆದಿದ್ದರು. ಅವರ ಲೆಕ್ಕದಲ್ಲಿ ಟವರುಗಳು ಜೇನುಹುಟ್ಟಿನ ಕೋಣೆಗಳಂತೆ ಸಮವಾಗಿ, ನಡುವೆ ಬರಿ ನೆಲ ಬಿಡದೆ, ಸಾಲು ತಪ್ಪದೆ ನಿಂತಿದ್ದವು. ಆರು ಮೂಲೆಯ ಆ ಚಿತ್ರವನ್ನು ಅವರು ಪ್ರತಿ ವರ್ಷದ ತರಗತಿಯಲ್ಲೂ ಕಪ್ಪುಹಲಗೆಯ ಮೇಲೆ ಬಿಡಿಸುತ್ತಿದ್ದರು.

ವಿನಯಾ ಅದನ್ನು ಪಕ್ಕಕ್ಕಿಟ್ಟಳು. ಅಧ್ಯಾಪಕರ ಕೋಣೆಯಲ್ಲಿ ಎಲ್ಲರೆದುರು ತನ್ನ ಲೆಕ್ಕವನ್ನು ವಿವರಿಸಿದಳು. ಟವರು ನಕ್ಷೆ ನೋಡಿಕೊಂಡು ಏಳುವುದಿಲ್ಲ. ಗುಡ್ಡದ ಒಡೆಯ ಜಾಗ ಕೊಟ್ಟಲ್ಲಿ, ಕರೆಂಟು ಕಂಬ ಹೋದಲ್ಲಿ ಏಳುತ್ತದೆ. ಮೇಲಿನಿಂದ ನೋಡಿದರೆ ಯಾರೋ ಒಂದು ಹಿಡಿ ಅಕ್ಕಿ ಎರಚಿದಂತಿರುತ್ತದೆ. ಪ್ರತಿ ಕಾಳಿನ ಸುತ್ತ ಒಂದು ವೃತ್ತ ಎಳೆದರೆ ಕೆಲವು ಒಂದರ ಮೇಲೊಂದು ಬೀಳುತ್ತವೆ, ಕೆಲವು ಕಡೆ ಬರಿ ನೆಲ ಉಳಿಯುತ್ತದೆ. ಯಾವ ಕಾಳು ಎಲ್ಲಿ ಬೀಳುವುದೆಂದು ಹೇಳಲಾಗದು. ಬರಿ ನೆಲ ಒಟ್ಟು ಎಷ್ಟು ಉಳಿದೀತೆಂದು ಮಾತ್ರ ಹೇಳಬಹುದು. ಅವಳ ಲೆಕ್ಕದಂತೆ ಮೂರರಲ್ಲಿ ಒಂದು ಪಾಲು.

ಪ್ರಾಂಶುಪಾಲರು ಸಂತೋಷಪಟ್ಟು ಎಲ್ಲರಿಗೂ ಚಹಾ ತರಿಸಿದರು. ಶಿವರಾಮಯ್ಯನವರೂ ಚೆನ್ನಾಗಿದೆ ಎಂದರು. ಚಹಾ ಮುಟ್ಟದೆ ತರಗತಿಗೆ ಎದ್ದು ಹೋದರು.

ಅಂದಿನಿಂದ ಜಪಕ್ಕೆ ಕೂತರೆ ಗಾಯತ್ರಿಯ ನಡುವೆ ವಿನಯಾಳ ವೃತ್ತಗಳು ಸುಳಿಯತೊಡಗಿದವು. ಭಗವಂತನೇ ಜೇನಿಗೆ ಕಲಿಸಿದ ವಿದ್ಯೆಗಿಂತ ಎರಚಿದ ಅಕ್ಕಿ ದೊಡ್ಡದಾಯಿತೇ ಎಂದು ಒಳಗೇ ವಾದ ನಡೆಸುತ್ತಿದ್ದರು. ಹೆಂಡತಿ ತುಂಗಾ ಹೋದ ಚೈತ್ರದಲ್ಲಿ ತೀರಿಕೊಂಡಿದ್ದಳು. ಆಕೆ ಇದ್ದಿದ್ದರೆ ಗಂಡನ ಮುಖ ನೋಡಿಯೇ, ಆ ಹುಡುಗಿ ನನ್ನ ಕೈಯಲ್ಲಿ ಉಂಡವಳು, ಅವಳ ಮೇಲೆ ನಿಮಗೆಂಥ ಉರಿ ಎಂದು ಕೇಳಿಬಿಡುತ್ತಿದ್ದಳು. ಈಗ ಕೇಳುವವರಿಲ್ಲದೆ ಉರಿ ತನ್ನಷ್ಟಕ್ಕೆ ಬೆಳೆಯಿತು.

ತೀರ್ಥಹಳ್ಳಿಯ ವಿಚಾರ ಸಂಕಿರಣದಲ್ಲಿ ವಿನಯಾ ಪ್ರಬಂಧ ಓದುವುದೆಂದು ಗೊತ್ತಾಗಿತ್ತು. ಅದಕ್ಕೆ ಮೊದಲು ಲೆಕ್ಕವನ್ನು ನೆಲದ ಮೇಲೆ ಪರೀಕ್ಷಿಸಬೇಕಿತ್ತು. ಕಂಪ್ಯೂಟರು ಮೂರು ತಾಲ್ಲೂಕುಗಳಲ್ಲಿ ಮನಬಂದ ಕಡೆ ಚುಕ್ಕಿಗಳನ್ನು ಆರಿಸಿತು. ಆ ಜಾಗಗಳಿಗೆ ಯಾರಾದರೂ ಹೋಗಿ ಸಿಗ್ನಲ್ ಇದೆಯೇ ನೋಡಿ ಬರಬೇಕು. ನಾನೇ ಹೋಗುತ್ತೇನೆ ಎಂದು ಶಿವರಾಮಯ್ಯ ಮುಂದೆ ಬಂದಾಗ ವಿನಯಾ ಕಣ್ಣು ತುಂಬಿಕೊಂಡು ಅವರ ಕಾಲು ಮುಟ್ಟಿದಳು. ಅವಳ ಲೆಕ್ಕ ಮುಗ್ಗರಿಸುವುದನ್ನು ಕಣ್ಣಾರೆ ನೋಡಬೇಕೆಂಬ ಆಸೆ ಗುರುಗಳ ಹೊಟ್ಟೆಯೊಳಗಿತ್ತು.

ಮಂಜಯ್ಯನ ಬಾಡಿಗೆ ಜೀಪಿನಲ್ಲಿ ಹೊರಟರು. ಮಂಜಯ್ಯನಿಗೆ ಆ ಸೀಮೆಯ ಪ್ರತಿ ತಿರುವೂ ಗೊತ್ತು. ಸಿಗ್ನಲ್ ನೋಡಬೇಕು ಎಂದರೆ ಸಾಕು, ಒಳ್ಳೆಯ ಕಡೆ ಒಯ್ದು ನಿಲ್ಲಿಸುತ್ತಿದ್ದ. ಕೆಳದಿಯ ಆಚೆಗೂ ಸಿಗ್ನಲ್ ಬಂತು, ಅರಳಸುರಳಿಯಲ್ಲೂ ಬಂತು, ಹುಲಿಕಲ್ ಘಾಟಿಯ ಕಾಡಿನಲ್ಲೂ ಬಂತು. ಫೋನಿನ ನಕ್ಷೆಯಲ್ಲಿ ಚುಕ್ಕಿ ಒಮ್ಮೊಮ್ಮೆ ತುಸು ದೂರ ಕಾಣುತ್ತಿತ್ತು. ಶಿವರಾಮಯ್ಯ ಅದನ್ನು ದಿಟ್ಟಿಸಿ ನೋಡುವ ಗೋಜಿಗೆ ಹೋಗಲಿಲ್ಲ.

ಸಿಗ್ನಲ್ ಇಲ್ಲದ ಜಾಗ ಎಲ್ಲೋ ಒಂದೆರಡು ಎಂದು ಬಂದು ಹೇಳಿದಾಗ ವಿನಯಾಳ ಮುಖ ಬಿಳಿಚಿಕೊಂಡಿತು. ತಪ್ಪು ತನ್ನದೇ ಇರಬೇಕು, ಪ್ರಬಂಧ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ ಎಂದಳು. ಶಿವರಾಮಯ್ಯ ಸಮಾಧಾನ ಹೇಳಿದರು. ಆ ಸಮಾಧಾನದ ಮಾತು ಅವರಿಗೇ ಸಿಹಿಯಾಗಿತ್ತು. ಅವಳು ಒಂದೇ ಒಂದು ಬೇಡಿಕೆ ಇಟ್ಟಳು. ಎಲ್ಲಿ ಎಡವಿದೆನೆಂದು ತಿಳಿಯಬೇಕು, ಹುಲಿಕಲ್ಲಿನ ಜಾಗವನ್ನೊಮ್ಮೆ ತೋರಿಸಿ.

ಮಾರನೆಯ ದಿನ ಮೂವರೂ ಹೋದರು. ಮಂಜಯ್ಯ ಅದೇ ತಿರುವಿನಲ್ಲಿ ಜೀಪು ನಿಲ್ಲಿಸಿದ. ವಿನಯಾ ಫೋನು ನೋಡಿ, ಜಾಗ ಇದಲ್ಲ, ಕೆಳಗಿದೆ ಎನ್ನುತ್ತ ಗಿಡಮಟ್ಟಿಯೊಳಗೆ ಇಳಿದೇಬಿಟ್ಟಳು.

"ಇಲ್ಲಿ ಯಾಕೆ ನಿಲ್ಸಿದ್ಯಪ್ಪ ಅವತ್ತು?" ಎಂದು ಶಿವರಾಮಯ್ಯ ಮೆಲ್ಲಗೆ ಕೇಳಿದರು.

"ಮತ್ತೆಲ್ಲಿ ನಿಲ್ಸಾದು ಅಯ್ಯಾ? ಸಿಗ್ನಲ್ ನೋಡ್ಬೇಕು ಅಂದ್ರಿ. ಸಿಗಾದು ಇಲ್ಲೇ. ಊರೋರೆಲ್ಲ ಫೋನ್ ಮಾಡಾಕೆ ಇಲ್ಲಿಗೇ ಬರ್ತಾರೆ. ಸಿಗ್ದಿರೋ ಕಡೆ ಹೋಗಿ ನೋಡಾಕೆ ಎಂತ ಇದೆ?"

ಕೆಳಗಿನಿಂದ ವಿನಯಾ, ಒಮ್ಮೆ ಕರೆ ಮಾಡಿ ಸರ್ ಎಂದು ಕೂಗಿದಳು. ಶಿವರಾಮಯ್ಯ ಕರೆ ಮಾಡಿದರು. ಚಂದಾದಾರರು ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಎಂದು ಹೆಣ್ಣುದನಿಯೊಂದು ಹೇಳಿತು. ಕೂಗಿದರೆ ಕೇಳುವಷ್ಟು ಹತ್ತಿರದಲ್ಲಿ ಹುಡುಗಿ ನಿಂತಿದ್ದಳು.

ಅವಳು ಮೇಲೆ ಹತ್ತಿ ಬಂದಳು. ಪಾದಕ್ಕೆ ಉಂಬಳ, ಆ ಕಾಡಿನ ಜಿಗಣೆ, ಕಚ್ಚಿ ರಕ್ತ ಇಳಿಯುತ್ತಿತ್ತು. ಅದರ ಕಡೆ ಅವಳ ಗಮನವಿರಲಿಲ್ಲ. ಗುರುಗಳ ಮುಖವನ್ನೇ ನೋಡುತ್ತಿದ್ದಳು.

"ಸರ್, ಇದೊಂದು ಜಾಗ ತಪ್ಪಿದೆ. ಬೇರೆ ಕಡೆ ಎಲ್ಲ ಚುಕ್ಕಿ ಇದ್ದಲ್ಲೇ ನಿಂತು ನೋಡಿದ್ರಿ, ಅಲ್ವಾ?"

ಹೌದು ಎಂಬ ಒಂದು ಮಾತು ಸಾಕಿತ್ತು. ಅವಳು ಮರುಪ್ರಶ್ನೆ ಕೇಳುವವಳಲ್ಲ. ಪ್ರಬಂಧ ಅಲ್ಲಿಗೆ ಮುಗಿಯುತ್ತಿತ್ತು, ಜೇನುಹುಟ್ಟು ಉಳಿಯುತ್ತಿತ್ತು. ಆ ಮಾತು ನಾಲಿಗೆಯವರೆಗೆ ಬಂದೂ ಬಂತು. ಅದೇ ನಾಲಿಗೆಯಿಂದ ನಾಳೆ ಬೆಳಗ್ಗೆ ಜಪ ಮಾಡಬೇಕಲ್ಲ ಎಂಬುದು ಅವರನ್ನು ತಡೆಯಿತು.

"ಇಲ್ಲಮ್ಮ. ಎಲ್ಲ ಕಡೆಯೂ ಜೀಪು ನಿಂತಲ್ಲೇ ನಿಂತು ನೋಡಿದ್ದು. ಚುಕ್ಕಿ ದೂರ ಇರೋದು ನಂಗೆ ಕಾಣ್ತಿತ್ತು."

ವಿನಯಾ ಫೋನಿನ ನಕ್ಷೆಯನ್ನೂ ಜೀಪು ನಿಂತ ತಿರುವನ್ನೂ ನೋಡಿದಳು. ಆಮೇಲೆ ಅವಳ ಮುಖ ನಿಧಾನಕ್ಕೆ ಅರಳಿತು.

"ಸಿಗ್ನಲ್ ಅಳೆಯೋರು ಬಹಳ ಜನ ಹೀಗೇ ಮಾಡ್ತಿರ್ಬೇಕು ಸರ್. ಸಿಗೋ ಕಡೆಗೇ ಹೋಗಿ ನಿಂತು ನೋಡೋದು. ಇದನ್ನೇ ಒಂದು ಅಧ್ಯಾಯ ಮಾಡ್ಬಹುದು."

ಆ ತಿರುವಿನಿಂದಲೇ ಅವಳು ತೀರ್ಥಹಳ್ಳಿಯ ಸಂಕಿರಣದವರಿಗೆ ಫೋನು ಮಾಡಿ, ಪ್ರಬಂಧ ಓದುತ್ತೇನೆ, ದೊಡ್ಡದಾಗಿದೆ ಎಂದು ನಗುತ್ತ ಹೇಳಿದಳು. ತಮ್ಮ ತಪ್ಪು ಕೂಡ ಅವಳಿಗೇ ಒದಗಿಬಂತಲ್ಲ ಎಂದು ಶಿವರಾಮಯ್ಯನವರ ಹೊಟ್ಟೆ ಮತ್ತೊಮ್ಮೆ ಉರಿಯಿತು. ನಿಜ ಹೇಳಿದವನ ಮನಸ್ಸು ಹಗುರಾಗುತ್ತದೆಂದು ಅವರು ಮಕ್ಕಳಿಗೆ ಹೇಳುತ್ತ ಬಂದಿದ್ದರು. ಹಗುರೇನೂ ಆಗಲಿಲ್ಲ. ಜೀಪು ಹತ್ತಿ, ಅರಳಸುರಳಿಗೆ ಹೋಗೋಣ, ಈ ಸಲ ನಾನು ಹೇಳಿದಲ್ಲಿ ನಿಲ್ಲಿಸು ಎಂದು ಮಂಜಯ್ಯನಿಗೆ ಹೇಳಿ, ಮಟ್ಟಿಯೊಳಗೆ ಇಳಿಯಲು ಅನುಕೂಲವಾಗಲೆಂದು ಪಂಚೆಯನ್ನು ಮೇಲೆತ್ತಿ ಕಟ್ಟಿಕೊಂಡರು.