ಬೆಳ್ಳಿ ಉಡುದಾರ

ಜಡೆಪ್ಪ ಆ ಯಂತ್ರವನ್ನು ಮೊದಲ ಸಲ ಬಂಡ್ರಿಯ ಅಕ್ಕನ ಮನೆಗೆ ತಂದಾಗ ಅನುಸೂಯಾ ಅದನ್ನು ನೆಲ ಒರೆಸುವ ಹೊಸ ನಮೂನೆಯ ಕೋಲು ಎಂದುಕೊಂಡಳು. ಉದ್ದನೆಯ ಹಿಡಿ, ತುದಿಗೆ ತಟ್ಟೆಯಂಥದ್ದು. ನೆಲದೊಳಗೆ ಲೋಹವಿದ್ದರೆ ಇದು ಕೂಗುತ್ತದೆ ಎಂದು ತಮ್ಮ ವಿವರಿಸಿದ. ವಡ್ಡು ಎಂಬ ಊರಿನ ಹತ್ತಿರದ ಉಕ್ಕಿನ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದ ಅವನಿಗೆ ಹಳೆಯ ನಾಣ್ಯ ಹುಡುಕುವ ಹುಚ್ಚು ಹತ್ತಿತ್ತು. ಹಂಪಿಯ ಕಡೆ ಇದನ್ನು ಹಿಡಿದು ತಿರುಗಿದರೆ ಪೊಲೀಸರು ಬಿಡುವುದಿಲ್ಲವೆಂದು ಕಂಪ್ಲಿಯ ಗೆಳೆಯನ ಗದ್ದೆಯಲ್ಲಿ ಆಡಿಸಿದ್ದ. ಸಿಕ್ಕಿದ್ದು ಎತ್ತಿನ ಲಾಳಗಳು ಮತ್ತು ಒಂದು ಸವೆದ ತಾಮ್ರದ ಕಾಸು.

"ರಾಯರ ಕಾಲದ್ದು," ಎಂದು ಅದನ್ನು ಅಂಗೈಯಲ್ಲಿಟ್ಟು ತೋರಿಸಿದ.

"ರಾಯ ಬಂದು ನಿನ್ನ ಗೆಳ್ಯಾನ ಗದ್ಯಾಗ ಭತ್ತ ನಾಟಿ ಮಾಡಿದ್ನೇನಲೇ?" ಎಂದ ಅನುಸೂಯಾಳ ಗಂಡ ಉಚ್ಚೆಂಗೆಪ್ಪ.

"ನಗು ಮಾಮಾ, ನಗು. ಹೊನ್ನು ಸಿಕ್ಕ ದಿನ ನಿನಗ ಚಾ ಸೈತ ಕುಡಸಂಗಿಲ್ಲ."

ಅನುಸೂಯಾ ನಗಲಿಲ್ಲ. "ಬೆಳ್ಳಿ ಇದ್ರೂ ಕೂಗತೈತೇನೋ?" ಎಂದು ಕೇಳಿದಳು.

"ಬೆಳ್ಳಿಗೆ ಮಸ್ತ್ ಕೂಗತೈತಿ ಅಕ್ಕ."

"ಭಾಳ ವರ್ಷ ಮಣ್ಣಾಗ ಇದ್ರೂ?"

"ಎಷ್ಟು ವರ್ಷ ಇದ್ರೇನು, ಬೆಳ್ಳಿ ಬೆಳ್ಳೀನ."

ಆಮೇಲೆ ರೊಟ್ಟಿ ಬಡಿಯುತ್ತ ಕುಳಿತವಳಿಗೆ ಒಲೆಯ ಮೇಲಿನದು ಸೀದದ್ದು ತಿಳಿಯಲಿಲ್ಲ. ಈಗಿರುವ ಇಬ್ಬರು ಗಂಡುಮಕ್ಕಳಿಗಿಂತ ಮುಂಚೆ ಅವಳಿಗೊಂದು ಹೆಣ್ಣುಕೂಸು ಹುಟ್ಟಿತ್ತು. ತೊಟ್ಟಿಲಿಗೆ ಹಾಕಿದ ದಿನ ದುರ್ಗಾ ಎಂದು ಹೆಸರಿಟ್ಟು, ತವರಿನವರು ಬೆಳ್ಳಿಯ ಉಡುದಾರ ಕಟ್ಟಿದ್ದರು. ಜ್ವರ ಬಂದು ತೀರಿಹೋದ ಕೂಸನ್ನು ಮಣ್ಣಿಗೆ ಒಯ್ಯುವ ಮುಂಚೆ ಮೈಮೇಲಿನದನ್ನು ತೆಗೆಯುವುದು ರೂಢಿ. ಅತ್ತೆ ಉಡುದಾರಕ್ಕೆ ಕೈ ಹಾಕಿದಾಗ ಅನುಸೂಯಾ ಆ ಕೈ ಹಿಡಿದುಕೊಂಡು ಬಿಟ್ಟಿರಲಿಲ್ಲ. ಕೊನೆಗೆ ಹಾಗೆಯೇ ಒಯ್ದರು. ಹೆಂಗಸರು ಮಣ್ಣಿಗೆ ಹೋಗುವಂತಿಲ್ಲ. ಗುಡ್ಡದ ಕಾಡಿನ ಅಂಚಿನಲ್ಲಿ, ಕಮರದ ಮರಗಳಿರುವಲ್ಲಿ ಎಂದಷ್ಟೇ ಅವಳ ಕಿವಿಗೆ ಬಿದ್ದಿತ್ತು. ಎಲ್ಲಿ ಎಂದು ಕೇಳಲು ಹೋದರೆ ಅತ್ತೆ ಬಾಯಿ ಮುಚ್ಚಿಸಿದ್ದಳು. ಹೋದದ್ದರ ಹೆಸರೆತ್ತಿದರೆ ಮುಂದೆ ಹುಟ್ಟುವ ಕೂಸು ಬದುಕಿ ನಿಲ್ಲುವುದಿಲ್ಲವಂತೆ. ಮಕ್ಕಳು ಹುಟ್ಟಿದರು, ನಿಂತರು, ಅತ್ತೆಯೂ ತೀರಿಕೊಂಡಳು. ಅಷ್ಟರಲ್ಲಿ ಕೇಳದಿರುವುದೇ ಗಂಡ ಹೆಂಡತಿಗೆ ರೂಢಿಯಾಗಿಬಿಟ್ಟಿತ್ತು. ಉಚ್ಚೆಂಗೆಪ್ಪ ಮರೆತಿದ್ದಾನೆಂದೇ ಅವಳು ತಿಳಿದಿದ್ದಳು. ಕೇಳಿ, ಅವನು "ಯಾವುದು?" ಎಂದುಬಿಟ್ಟರೆ ಅದನ್ನು ತಡೆಯುವ ಶಕ್ತಿ ತನಗಿಲ್ಲ ಎಂಬುದೂ ಅವಳಿಗೆ ಗೊತ್ತಿತ್ತು. ಯಂತ್ರಕ್ಕಾದರೆ ಏನನ್ನೂ ಕೇಳಬೇಕಾಗಿಲ್ಲ.

ಮುಂದಿನ ಭಾನುವಾರ ಜಡೆಪ್ಪ ಗುಡ್ಡದ ಮೇಲಿನ ಹಳೆಯ ಕೋಟೆಯಲ್ಲಿ ನಾಣ್ಯ ಹುಡುಕಲು ಹೊರಟಾಗ ತಾನೂ ಬರುತ್ತೇನೆಂದಳು. ಕರಡಿ ಓಡಾಡುತ್ತವೆಂದು ಗೊಣಗುತ್ತ ಉಚ್ಚೆಂಗೆಪ್ಪನೂ ಕೋಲು ಹಿಡಿದು ಹಿಂದೆ ಬಂದ.

ಮಳೆ ನಿಂತು ಗುಡ್ಡ ಹಸಿರಾಗಿತ್ತು. ಕಾಲ್ದಾರಿಯ ಕೆಂಪು ಮಣ್ಣು ಚಪ್ಪಲಿಗೆ ಮೆತ್ತಿಕೊಳ್ಳುತ್ತಿತ್ತು. ಕಮರದ ಮರಗಳು ಶುರುವಾಗುವಲ್ಲಿ ಅನುಸೂಯಾ ನಿಂತಳು.

"ಇಲ್ಲಿ ಹಿಡಿ," ಎಂದಳು ತಮ್ಮನಿಗೆ.

"ಇಲ್ಲೇನೈತಿ ಅಕ್ಕ? ಹಳೇ ಕೋಟಿ ಇನ್ನೂ ಮ್ಯಾಲೆ."

"ನನ್ನ ಕೂಸೈತಿ. ಅದರ ನಡದಾಗ ಬೆಳ್ಳಿ ಉಡುದಾರ ಐತಿ. ಅಗಿಯಾದು ಬ್ಯಾಡ. ಎಲ್ಲೈತಿ ಅಂತ ಗೊತ್ತಾದ್ರ ಸಾಕು."

ಅವಳು ಗಂಡನ ಮುಖ ನೋಡಲಿಲ್ಲ. ಜಡೆಪ್ಪನ ನಗು ಹಾಗೇ ನಿಂತಿತು. ಯಂತ್ರದ ಗುಂಡಿ ಒತ್ತಿ ತಟ್ಟೆಯನ್ನು ನೆಲಕ್ಕೆ ತಂದ. ತಂದದ್ದೇ ತಡ, ಅದು ಕಿರುಚಿತು. ಎರಡು ಹೆಜ್ಜೆ ಆಚೆ ಇಟ್ಟ, ಅಲ್ಲಿಯೂ ಕಿರುಚಿತು. ಬಂಡೆಯ ಮೇಲೆ, ಹುಲ್ಲಿನ ಮೇಲೆ, ಮರದ ಬುಡದಲ್ಲಿ, ಎಲ್ಲೆಲ್ಲೂ ಒಂದೇ ಕೂಗು. ಅದು ಕೂಗಿದಲ್ಲೆಲ್ಲ ಅನುಸೂಯಾ ಹಿಂದೆ ಹಿಂದೆ ಹೋದಳು. ಬಗ್ಗಿ ನೋಡಿದಳು. ಸೆರಗು ಜಾಲಿಗೆ ಸಿಕ್ಕು ಹರಿಯಿತು.

ಜಡೆಪ್ಪ ಬೆವರೊರೆಸಿಕೊಂಡು ಯಂತ್ರ ಕೆಳಗಿಟ್ಟ. "ತಪ್ಪಾತು ಅಕ್ಕ. ಕಂಪ್ಲಿ ಕಪ್ಪು ಮಣ್ಣಾಗ ನಡೀತು ಅಂತ ಇಲ್ಲೂ ನಡೀತೈತಿ ಅನಕಂಡೆ. ಈ ಗುಡ್ಡಾನ ಕಬ್ಬಿಣದ ಅದಿರು. ಇದು ಮಣ್ಣಿಗೇ ಕೂಗಾಕತ್ತೈತಿ. ದಿನಾ ಅದಿರಿನ ಮಗ್ಗಲದಾಗ ದುಡಿಯಾಂವ ನಾನು, ಇಷ್ಟು ತಿಳೀಬಾರದೇನು?"

"ಇನ್ನೊಂದೀಟು ಆ ಕಡಿ ನೋಡು."

"ಎಲ್ಲಿ ಹಿಡಿದ್ರೂ ಹಿಂಗ, ಅಕ್ಕ."

"ನೋಡು ಅಂದೆ."

ಅಲ್ಲಿಯವರೆಗೆ ದೂರದಲ್ಲಿ ಕೋಲೂರಿ ನಿಂತಿದ್ದ ಉಚ್ಚೆಂಗೆಪ್ಪ ಅವರಿಬ್ಬರನ್ನೂ ದಾಟಿ ಇಳಿಜಾರಿನ ಕಡೆ ನಡೆದ. ಜೋಡಿ ಬಂಡೆಗಳ ಸಂದಿನಲ್ಲಿ, ಕಾರೆಯ ಗಿಡವನ್ನು ಕೋಲಿನಿಂದ ಸರಿಸಿ ನಿಂತುಕೊಂಡ.

"ಇಲ್ಲಿ," ಎಂದ.

ಅನುಸೂಯಾ ಅಲ್ಲಾಡಲಿಲ್ಲ. ತನ್ನ ಒದ್ದಾಟ ನೋಡಲಾರದೆ ಯಾವುದೋ ಒಂದು ಜಾಗ ತೋರಿಸುತ್ತಿದ್ದಾನೆಯೇ? ಸಮಾಧಾನಕ್ಕೆ ಸುಳ್ಳು ಹೇಳುವ ಗಂಡಸಲ್ಲ ಅವನು, ಆದರೆ ಇವತ್ತು ಹೇಳಿದರೂ ಹೇಳಿಯಾನು. ನಿಧಾನವಾಗಿ ಹತ್ತಿರ ಹೋದಳು.

"ತಲಿ ಯಾವ ಕಡಿ ಐತ್ರಿ?" ಎಂದು ಕೇಳಿದಳು.

ಅವನು ಯೋಚಿಸಲಿಲ್ಲ. "ಎಲ್ಲಾರೂ ತೆಂಕಲಕ್ಕ ಇಡು ಅಂದ್ರು. ನಾ ಊರ ಕಡಿಗೆ ಇಟ್ಟೆ. ಅಪ್ಪ ಅಲ್ಲೇ ಬೈದ. ಬೈಕಳ್ಳಿ ಅಂದೆ."

ಅವನ ಕೋಲು ತೋರಿಸಿದ ಕಡೆ ನೋಡಿದಳು. ಕೆಳಗೆ ಬಂಡ್ರಿಯ ಮನೆಗಳ ಮಾಡು ಬಿಸಿಲಿಗೆ ಹೊಳೆಯುತ್ತಿತ್ತು.

"ಇಷ್ಟು ದಿನ ಹೇಳಲಿಲ್ಲಲ್ರಿ."

"ನೀ ಕೇಳಲಿಲ್ಲ. ಮರತಿದ್ದಿ, ಯಾಕ ನೆನಪು ಮಾಡಾದು ಅಂತ ಸುಮ್ನಿದ್ದೆ. ದನ ಹೊಡಕಂಡು ಬಂದಾಗೆಲ್ಲ ಈ ಕಡೀಗೇ ಬರ್ತಿದ್ದೆ."

ಜಡೆಪ್ಪ ಮೆಲ್ಲಗೆ ಬಂದು ನಿಂತ. "ಅಕ್ಕ, ಮಷೀನಿನ ತಟ್ಟಿ ಮಣ್ಣಿಗಿಂತ ಮ್ಯಾಲೆ ಎತ್ತಿ ಹಿಡಿದು ಒಮ್ಮೆ ನೋಡ್ಲೇನು? ಖಾತ್ರಿ ಆದ್ರೂ ಆದೀತು."

"ಬ್ಯಾಡಪ್ಪ. ಅದನ್ನ ತಗಂಡು ನೀ ನಿನ್ನ ಕೋಟಿಗೆ ಹೋಗು."

ಅವನು ಹೋದ. ಅನುಸೂಯಾ ಬಂಡೆಯ ಅಂಚಿಗೆ ಕುಳಿತು, ಗಂಡನಿಗೂ ಜಾಗ ಬಿಟ್ಟಳು.

"ಕುಂದ್ರಿ," ಎಂದಳು. "ಮನಿ ಬಿಟ್ಟಾಗಿಂದ ಹೇಳ್ರಿ. ಯಾರು ಎತ್ತಿಕಂಡಿದ್ರು?"

"ನಾನ," ಎಂದು ಉಚ್ಚೆಂಗೆಪ್ಪ ಕೋಲನ್ನು ಮಗ್ಗುಲಿಗಿಟ್ಟು ಕುಳಿತ. "ಬ್ಯಾರೇರಿಗೆ ಕೊಡಲಿಲ್ಲ."